ನಾಯಿಗೆ ಮೀನೆಣ್ಣೆ: ಪಂಪ್ ಬಾಟಲಿಯೋ, ಕ್ಯಾಪ್ಸೂಲೋ, ಬೂತಾಯಿಯೇ ಸಾಕೋ?

ಪೆಟ್ ಶಾಪಿನಲ್ಲಿ ಸಾಲ್ಮನ್ ಎಣ್ಣೆಯ ಬಾಟಲಿ ಕೈಗೆತ್ತಿಕೊಂಡರೆ ಮೊದಲು ಹಿಂಬದಿ ತಿರುಗಿಸಿ ಓದಿ. ಮುಂದೆ ದಪ್ಪಕ್ಷರದಲ್ಲಿರುವ ‘ಒಮೆಗಾ 3-6-9’ ಯಾವ ಲೆಕ್ಕಕ್ಕೂ ಬರುವುದಿಲ್ಲ. ಕೋಳಿ ತಿನ್ನುವ ನಾಯಿಗೆ ಒಮೆಗಾ 6, 9 ಆ ಕೊಬ್ಬಿನಲ್ಲೇ ಬೇಕಾದಷ್ಟು ಸಿಗುತ್ತದೆ. ನೋಡಬೇಕಾದದ್ದು ಇಪಿಎ ಮತ್ತು ಡಿಎಚ್‌ಎ ಎಂಬ, ಮೀನೆಣ್ಣೆಯ ಎರಡು ಒಮೆಗಾ 3 ಅಂಶ ಎಷ್ಟು ಮಿಲಿಗ್ರಾಂ ಇವೆ ಎಂಬುದನ್ನು. ಅವೆರಡನ್ನೂ ಬೇರೆಬೇರೆ ನಮೂದಿಸದೆ ಒಟ್ಟು ‘ಒಮೆಗಾ 3’ ಎಂದಷ್ಟೇ ಬರೆದಿದ್ದರೆ ಬಾಟಲಿಯನ್ನು ಅಲ್ಲೇ ಇಟ್ಟು ಬನ್ನಿ. ಅಗಸೆ ಎಣ್ಣೆ ಬೆರೆಸಿಯೂ ಆ ಅಂಕಿ ಏರಿಸಬಹುದು. ಅಗಸೆಯ ಒಮೆಗಾವನ್ನು ಇಪಿಎ, ಡಿಎಚ್‌ಎ ಆಗಿ ಮಾರ್ಪಡಿಸಿಕೊಳ್ಳುವ ಶಕ್ತಿ ನಾಯಿಯ ದೇಹಕ್ಕೆ ತೀರಾ ಕಡಿಮೆ.

ಆರೋಗ್ಯವಂತ ನಾಯಿಗೆ ಇವೆರಡೂ ಸೇರಿ ಬೇಕಾಗುವುದು ಸ್ವಲ್ಪವೇ: 10 ಕಿಲೋ ತೂಕದ್ದಕ್ಕೆ ದಿನಕ್ಕೆ ಸುಮಾರು 170 ಮಿ.ಗ್ರಾಂ, 30 ಕಿಲೋ ಲ್ಯಾಬ್ರಡಾರ್‌ಗೆ 385. ತೂಕ ಮೂರು ಪಟ್ಟಾದರೂ ಪ್ರಮಾಣ ಮೂರು ಪಟ್ಟಾಗುವುದಿಲ್ಲ. ‘ಕಿಲೋಗೆ ಇಷ್ಟು’ ಎಂದು ನೇರವಾಗಿ ಗುಣಿಸಿದರೆ ದೊಡ್ಡ ನಾಯಿಗೆ ಅಳತೆ ಮೀರುತ್ತದೆ. ಅಲರ್ಜಿಯ ತುರಿಕೆಗೆ ಪಶುವೈದ್ಯರು ಹೇಳುವ ಪ್ರಮಾಣ ಇದರ ನಾಲ್ಕು ಪಟ್ಟು, ಸಂಧಿವಾತಕ್ಕೆ ಹತ್ತು ಪಟ್ಟು. ಗರಿಷ್ಠ ಮಿತಿ 10 ಕಿಲೋಗೆ 2,080, 30 ಕಿಲೋಗೆ 4,700ರ ಆಸುಪಾಸು. ಸಂಧಿವಾತದ ಪ್ರಮಾಣ ಈ ಮಿತಿಗೆ ಬಹಳ ಹತ್ತಿರ. ಹಾಗಾಗಿ ಡಾಕ್ಟರನ್ನು ಕೇಳದೆ ಅಲ್ಲಿಗೆ ಹೋಗಬೇಡಿ.

ಈ ಲೆಕ್ಕಕ್ಕಿಟ್ಟರೆ ಮೆಡಿಕಲ್ ಶಾಪಿನ ಸಾದಾ 1,000 ಮಿ.ಗ್ರಾಂ ಕ್ಯಾಪ್ಸೂಲು ನಿತ್ಯದ ಬಳಕೆಗೆ ಚೆನ್ನಾಗಿ ಗೆಲ್ಲುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿ.ಗ್ರಾಂ. 10 ಕಿಲೋ ನಾಯಿಗೆ ದಿನಕ್ಕೊಂದು ಧಾರಾಳವಾಯಿತು. ಅದೇ ಸಂಧಿವಾತದ ಲ್ಯಾಬ್ರಡಾರ್‌ಗೆ ಕೊಡಹೊರಟರೆ ದಿನಕ್ಕೆ ಹದಿಮೂರು ಕ್ಯಾಪ್ಸೂಲು, ಅಂದರೆ 13 ಗ್ರಾಂ ಎಣ್ಣೆ, ಸುಮಾರು 117 ಕ್ಯಾಲೊರಿ. ಅಷ್ಟಕ್ಕೆ ಒಂದು ಸಣ್ಣ ಬಟ್ಟಲು ಅನ್ನ ಕಡಿಮೆ ಮಾಡದಿದ್ದರೆ ನೋವಿರುವ ಕಾಲಿನ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಅಂಥ ನಾಯಿಗೆ ಕ್ಯಾಪ್ಸೂಲಿಗೆ 500–600 ಮಿ.ಗ್ರಾಂ ಇರುವ ಸಾಂದ್ರ ಬಗೆ ತರುವುದು ವಾಸಿ. ಅದನ್ನು ಬರಿಹೊಟ್ಟೆಗೆ ಕೊಡಬೇಡಿ, ಊಟದ ಕೊಬ್ಬಿನೊಂದಿಗೆ ಹೋದರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಮಕ್ಕಳಿಗೆಂದು ಮಾರುವ ಒಮೆಗಾ ಗಮ್ಮಿಗಳನ್ನಂತೂ (ಜೆಲ್ಲಿ ಮಿಠಾಯಿ) ಮುಟ್ಟಲೇಬೇಡಿ. ಅವುಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಗೆ ಅದು ವಿಷ.

ಪಂಪ್ ಬಾಟಲಿಯ ಅನುಕೂಲ ಒಂದೇ: ಬಟ್ಟಲಿಗೆ ಒತ್ತಿದರೆ ಮುಗಿಯಿತು. ಅನಾನುಕೂಲವೂ ಅದೇ ಪಂಪು. ಪ್ರತಿ ಒತ್ತಿಗೂ ಒಳಗೆ ಗಾಳಿ ಸೇರುತ್ತದೆ, ಮೂತಿಯಲ್ಲಿ ಉಳಿದ ಹನಿ ಮೊದಲು ಕೆಡುತ್ತದೆ. ‘ಉಳಿತಾಯ’ ಎಂದು ಒಂದು ಲೀಟರ್ ತಂದರೆ ದಿನಕ್ಕೆ 5 ಮಿ.ಲೀ. ಹಾಕುವ ಮನೆಯಲ್ಲಿ ಅದು ಇನ್ನೂರು ದಿನ ಬರುತ್ತದೆ. ಮೀನೆಣ್ಣೆ ಅಷ್ಟು ದಿನ ಕಾಯುವುದಿಲ್ಲ. 250 ಮಿ.ಲೀ.ನದು ತನ್ನಿ, ಫ್ರಿಜ್ಜಿನಲ್ಲಿಡಿ, ಒಂದೂವರೆ ಎರಡು ತಿಂಗಳಲ್ಲಿ ಮುಗಿಸಿ. ಹಳೆ ಪೇಂಟಿನಂಥ ವಾಸನೆ ಬಂದರೆ ಚೆಲ್ಲಿಬಿಡಿ. ಕ್ಯಾಪ್ಸೂಲೂ ಕೆಡುತ್ತದೆ, ಹೊರಗಿನ ಪೊರೆ ವಾಸನೆ ಮುಚ್ಚಿಡುತ್ತದೆ ಅಷ್ಟೇ. ಹೊಸ ಡಬ್ಬಿ ತಂದ ದಿನ ಒಂದನ್ನು ಸೂಜಿಯಿಂದ ಚುಚ್ಚಿ ಮೂಸಿ ನೋಡಿ. ಎರಡರಲ್ಲಿ ಯಾವುದಾದರೂ ಸರಿ, ಬಿಸಿ ಮುದ್ದೆ, ಅನ್ನದ ಮೇಲೆ ಸುರಿಯದೆ ಊಟ ಆರಿದ ಮೇಲೆ ಹಾಕಿ.

ಕಾಡ್ ಲಿವರ್ ಎಣ್ಣೆ ಈ ಸಾಲಿಗೇ ಸೇರದು. ಅದು ಕಾಡ್ ಎಂಬ ಮೀನಿನ ಪಿತ್ತಜನಕಾಂಗದ ಎಣ್ಣೆ. ಒಂದು ಚಮಚದಲ್ಲಿ ಸುಮಾರು 4,500 ಯೂನಿಟ್ ವಿಟಮಿನ್ ಎ, 450 ಯೂನಿಟ್ ವಿಟಮಿನ್ ಡಿ ಇರುತ್ತದೆ. ಪ್ಯಾಕೆಟ್ ಆಹಾರದಲ್ಲಿ ಇವೆರಡನ್ನೂ ಮೊದಲೇ ಬೆರೆಸಿರುತ್ತಾರೆ. ಮೇಲಿಂದ ದಿನವೂ ಹಾಕುತ್ತ ಹೋದರೆ ಮೈಯಲ್ಲಿ ಶೇಖರವಾಗುತ್ತದೆ, ಹೊರಹೋಗುವುದಿಲ್ಲ.

ಇನ್ನು ಮಂಗಳೂರಿನವರ ಬೂತಾಯಿ, ಕುಂದಾಪುರದವರ ಬೈಗೆ, ಕಾರವಾರದ ಕಡೆಯ ತಾರ್ಲೆ. ಮೂರೂ ಒಂದೇ ಮೀನು, ಇಂಗ್ಲಿಷಿನ ಸಾರ್ಡೀನ್. ಬಾಟಲಿಯ ದುಡ್ಡಿಗೆ ಇದರ ಪಕ್ಕ ನಿಲ್ಲುವ ಯೋಗ್ಯತೆಯಿಲ್ಲ. 100 ಗ್ರಾಂ ಮಾಂಸದಲ್ಲಿ ಅಂದಾಜು ಒಂದು ಗ್ರಾಂ ಇಪಿಎ-ಡಿಎಚ್‌ಎ, ಜತೆಗೆ ಒಳ್ಳೆಯ ಪ್ರೋಟೀನು. ಮಳೆಗಾಲ ಕಳೆದ ಮೇಲೆ ಮೀನು ಕೊಬ್ಬಿ ಎಣ್ಣೆ ಇನ್ನೂ ಹೆಚ್ಚು. ಬೇಸಿಗೆಯ ಮೀನು ಒಣಕಲು. 10 ಕಿಲೋ ನಾಯಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಮೀನು ಹಾಕಿದರೆ ಆ ವಾರ ಕ್ಯಾಪ್ಸೂಲು ಬೇಡ. ಅಂಜಲ್, ತಾಟೆಯಂಥ ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ, ದುಡ್ಡೂ ದಂಡ.

ತಲೆ, ಕರುಳು ತೆಗೆದು ತೊಳೆದು, ಮುಳುಗುವಷ್ಟು ನೀರು ಹಾಕಿ ಕುಕ್ಕರಿಗಿಡಿ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 20–25 ನಿಮಿಷ. ನಡುಮುಳ್ಳನ್ನು ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು, ಚುಚ್ಚಿದರೆ ಇನ್ನೂ ಐದು ನಿಮಿಷ. ಬಂಗುಡೆಯದು ಗಟ್ಟಿ ಮುಳ್ಳು, ಬಿಡಿಸಿಯೇ ಹಾಕಿ. ಬೆಂದ ನೀರನ್ನು ಮಾತ್ರ ಚೆಲ್ಲಬೇಡಿ, ಎಣ್ಣೆ ತೇಲುವುದು ಅದರ ಮೇಲೇ. ಹಸಿ ಮೀನು ಕೊಡುವ ಹೊಸ ಖಯಾಲಿ ನಮಗೆ ಒಪ್ಪಿಗೆಯಿಲ್ಲ: ಕೆಲವು ಮೀನುಗಳಲ್ಲಿ ವಿಟಮಿನ್ ಬಿ1 ನಾಶಮಾಡುವ ಕಿಣ್ವವಿದೆ, ಬೇಯಿಸಿದರೆ ಅದು ಸಾಯುತ್ತದೆ.

ಬೇಯಿಸಿದರೂ ಹೋಗದ್ದು ಹಿಸ್ಟಮಿನ್ ಎಂಬ ವಿಷಾಂಶ. ಬಂಗುಡೆ, ಬೂತಾಯಿ ಐಸಿಲ್ಲದೆ ಬಿಸಿಲಲ್ಲಿ ಕೂತರೆ ಅದು ಹುಟ್ಟುತ್ತದೆ, ಕುಕ್ಕರಿಗೆ ಬಗ್ಗುವುದಿಲ್ಲ. ನಾಯಿಗೆ ತಾನೇ ಎಂದು ಸಂಜೆ ಅಗ್ಗಕ್ಕೆ ಬಿಡುವ ಮೆತ್ತಗಾದ ಮೀನು ತಂದವರ ಮನೆಯಲ್ಲಿ ರಾತ್ರಿಯೇ ವಾಂತಿ-ಭೇದಿ. ಜೂನ್, ಜುಲೈನ ಟ್ರಾಲಿಂಗ್ ನಿಷೇಧದ ದಿನಗಳಲ್ಲಿ ತಾಜಾ ಮೀನು ಸಿಗದಿದ್ದರೆ ಕ್ಯಾಪ್ಸೂಲಿಗೆ ಮರಳಿ. ಒಣಮೀನು ಪರ್ಯಾಯವಲ್ಲ, ಉಪ್ಪೇ ಉಪ್ಪು.

ಯಾವುದನ್ನೇ ಆರಿಸಿ, ಕಾಲು ಪ್ರಮಾಣದಿಂದ ಶುರುಮಾಡಿ ಎರಡು ವಾರದಲ್ಲಿ ಏರಿಸಿ. ಮಲ ತೆಳುವಾದರೆ ಒಂದು ಹೆಜ್ಜೆ ಹಿಂದಕ್ಕೆ. ಮೇದೋಜೀರಕದ ಉರಿಯೂತ ಬಂದುಹೋದ ನಾಯಿಗೆ ಎಣ್ಣೆಯ ಸಹವಾಸವೇ ಬೇಡ. ತುರಿಕೆಗೆ ಕೊಡುವವರು ಎಂಟರಿಂದ ಹನ್ನೆರಡು ವಾರ ಕಾಯಬೇಕು, ಹದಿನೈದು ದಿನಕ್ಕೆ ಬ್ರಾಂಡ್ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದೇ ಇಲ್ಲ. ಆಪರೇಷನ್ ಗೊತ್ತಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಹೆಚ್ಚು ಪ್ರಮಾಣದ ಮೀನೆಣ್ಣೆ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಲ್ಲದು.