ಹಾಸ್ಟೆಲ್, ಪಿ.ಜಿ., ಬಾಡಿಗೆ ರೂಮ್: ಧಾರವಾಡದಲ್ಲಿ ಮೂರೂ ಕಡೆ ಇದ್ದು ನೋಡಿದೆ

ಹಾವೇರಿ ಕಡೆಯ ಹಳ್ಳಿಯಿಂದ ಧಾರವಾಡಕ್ಕೆ ಓದಲು ಬಂದವಳು ನಾನು. ಮೊದಲು ಹಾಸ್ಟೆಲ್, ಆಮೇಲೆ ಸಪ್ತಾಪುರದ ಪಿ.ಜಿ., ಕೊನೆಗೆ ಗೆಳತಿಯರ ಜೊತೆ ಬಾಡಿಗೆ ರೂಮ್. ಊರಿನ ಹುಡುಗಿಯರು ಈಗ ಕೇಳುವುದು ಒಂದೇ, "ಎಲ್ಲಿ ಸ್ವಾತಂತ್ರ್ಯ ಜಾಸ್ತಿ ಅಕ್ಕಾ?"

ಹಾಸ್ಟೆಲ್‌ನಲ್ಲಿ ಸಂಜೆ ಏಳಕ್ಕೆ ಗೇಟ್ ಹಾಕುತ್ತಿದ್ದರು. ಹುಡುಗರ ಹಾಸ್ಟೆಲ್‌ಗೆ ಒಂಬತ್ತೂವರೆ. ವಿದ್ಯಾವರ್ಧಕ ಸಂಘದ ಸಂಜೆಯ ಕಾರ್ಯಕ್ರಮ ಅರ್ಧಕ್ಕೆ ಬಿಟ್ಟು ಓಡಿ ಬರಬೇಕಿತ್ತು. ಸೃಜನಾ ರಂಗಮಂದಿರದಲ್ಲಿ ನಾಟಕ ನೋಡುವ ಮಾತೇ ಇಲ್ಲ. ಧಾರವಾಡಕ್ಕೆ ಬಂದೂ ಇದೆಲ್ಲ ಸಿಗದಿದ್ದರೆ ಹೇಗೆ, ಅಲ್ವಾ?

ಸೀನಿಯರ್ ಒಬ್ಬಳು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2015ರ ನಿಯಮಾವಳಿ ತಂದು ತೋರಿಸಿದಳು. ಲೈಂಗಿಕ ಕಿರುಕುಳ ತಡೆಯಲು ಮಾಡಿದ್ದು ಅದು. ಸುರಕ್ಷತೆಯ ಹೆಸರು ಹೇಳಿ ಹುಡುಗಿಯರ ಹಾಸ್ಟೆಲ್‌ಗೆ ಹುಡುಗರಿಗಿಂತ ತಾರತಮ್ಯದ ನಿಯಮ ಹಾಕಬಾರದು ಅಂತ ಅದರಲ್ಲೇ ಇದೆ. ಆ ಸಾಲನ್ನು ಬರೆದು, ನಲವತ್ತು ಜನ ಸಹಿ ಹಾಕಿ ವಾರ್ಡನ್‌ಗೆ ಅರ್ಜಿ ಕೊಟ್ಟೆವು. ತಿಂಗಳಾದ ಮೇಲೆ ಗೇಟ್ ಎಂಟಕ್ಕೆ ಆಯಿತು. ಹುಡುಗರಷ್ಟು ಸಿಗಲಿಲ್ಲ. ಆದರೂ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಮೆಸ್ ಕೂಡ ನಮ್ಮ ಕೈಯಲ್ಲೇ ಇತ್ತು. ತಿಂಗಳ ಖರ್ಚನ್ನು ಊಟ ಮಾಡಿದ ದಿನಗಳಿಗೆ ಹಂಚುವ ಡಿವೈಡಿಂಗ್ ಪದ್ಧತಿ. ಲೆಕ್ಕ ಬರೆಯುವವರು ನಾವೇ, ಸಂತೆಗೆ ಹೋಗುವವರೂ ನಾವೇ. ರೊಟ್ಟಿ ದಪ್ಪ ಆಯಿತು ಅಂದರೆ ಸಭೆ ಕರೆಯಬಹುದಿತ್ತು, ಕರೆದಿದ್ದೇವೆ ಕೂಡ.

ಪಿ.ಜಿ.ಗೆ ಸೇರಿದ ದಿನ ಮಾಲೀಕರು ಹೇಳಿದ್ದು, "ರೂಲ್ಸ್ ಏನೂ ಇಲ್ಲವ್ವಾ, ಮನಿಯಾಗ ಇದ್ದಂಗ ಇರು." ನಂಬಿದೆ. ವಾರದೊಳಗೆ ಒಂದೊಂದೇ ಶುರುವಾಯಿತು. ಹತ್ತರ ಮೇಲೆ ಲೈಟ್ ಬೇಡ. ಫೋನಿನಲ್ಲಿ ಜೋರಾಗಿ ನಗಬೇಡ. ಒಂದು ದಿನ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವಷ್ಟರಲ್ಲಿ ರಾತ್ರಿ ಒಂಬತ್ತೂವರೆ ಆಯಿತು. ನಾನು ಒಳಗೆ ಕಾಲಿಡುವ ಮೊದಲೇ ಅಪ್ಪನಿಗೆ ಫೋನ್ ಹೋಗಿತ್ತು. ಅಪ್ಪ ಗಾಬರಿಯಾಗಿ, "ಎಲ್ಲಿದ್ದೀಯವ್ವಾ?" ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ. ಯಾರಿಗೆ ಅರ್ಜಿ ಕೊಡಲಿ? ಬರೆದಿಟ್ಟ ನಿಯಮವೇ ಇರಲಿಲ್ಲ. ಜಗಳ ಮಾಡಿದರೆ ಅಡ್ವಾನ್ಸ್ ಹೋಗುತ್ತೆ ಅನ್ನೋ ಭಯ ಬೇರೆ.

ಬಾಡಿಗೆ ರೂಮಿನಲ್ಲಿ ಗೇಟಿನ ಕಾಟ ಇರಲಿಲ್ಲ. ನಾಟಕ ನೋಡಿದೆ, ರಾತ್ರಿ ಎರಡರವರೆಗೆ ಓದಿದೆ. ಆದರೆ ಆ ರೂಮ್ ಸಿಗುವ ಮೊದಲು ನಾಲ್ಕು ಮನೆಗಳಲ್ಲಿ ಮೊದಲು ಕೇಳಿದ್ದು ನಮ್ಮ ಜಾತಿ. ಹಾಸ್ಟೆಲ್ ಮೆಸ್ಸಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡ ನಮಗೆ ಅದು ತುಂಬಾ ನೋವು ಕೊಟ್ಟಿತು. ದೀಪಾವಳಿಗೆ ಗೆಳತಿಯರು ಊರಿಗೆ ಹೋದಾಗ ಮೂರು ದಿನ ಜ್ವರದಲ್ಲಿ ಒಬ್ಬಳೇ ಮಲಗಿದ್ದೆ. ಹಾಸ್ಟೆಲ್‌ನಲ್ಲಿ ಹೀಗೇ ಜ್ವರ ಬಂದಾಗ ರಾತ್ರಿ ಎರಡಕ್ಕೆ ಆಟೋ ಹುಡುಕಿ ತಂದದ್ದು ವಾಚ್‌ಮನ್.

ನನ್ನ ಆಯ್ಕೆ ಹಾಸ್ಟೆಲ್. ಗೇಟ್ ಹೊತ್ತು ಸರಿ ಅಂತಲ್ಲ, ಆ ಗೇಟಿನ ಬಗ್ಗೆ ನಲವತ್ತು ಜನ ಕೂಡಿ ಮಾತಾಡಬಹುದು ಅಂತ. ಕೆಲಸಕ್ಕೆ ಸೇರಿದವರಾದರೆ ರೂಮೇ ಸರಿ. ಪಿ.ಜಿ. ಹಿಡಿಯಲೇಬೇಕಾದರೆ ನಿಯಮ, ಅಡ್ವಾನ್ಸ್ ಎರಡನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.

ಈ ವರ್ಷ ತಂಗಿ ಬರುತ್ತಿದ್ದಾಳೆ. ಹಾಸ್ಟೆಲ್ ಅರ್ಜಿ ತುಂಬಿಸಿದ್ದೇನೆ. ಗೇಟ್ ಇನ್ನೂ ಎಂಟಕ್ಕೇ ಹಾಕುತ್ತಾರಂತೆ. ನಮ್ಮ ಹಳೇ ಅರ್ಜಿಯ ಝೆರಾಕ್ಸ್ ಅವಳ ಫೈಲಿನಲ್ಲಿ ಇಟ್ಟಿದ್ದೇನೆ.