ಮೊದಲ ನಗೆ-ಪತ್ತೇದಾರಿ: ಕೊಂಕಣಿ ಧಾರಾವಾಹಿಯೋ, ಕನ್ನಡ ಪುಸ್ತಕವೋ?

ಮಂಗಳೂರಿನ ಇಗರ್ಜಿ (ಚರ್ಚು), ಸಣ್ಣ ಕಳವು, ರಕ್ತವಿಲ್ಲದ ನಗೆ-ಪತ್ತೇದಾರಿ. ಮೊದಲ ಸಲ ಬರೆಯುವವರು ಎಲ್ಲಿಂದ ಶುರು ಮಾಡಬೇಕು?

ಕೊಂಕಣಿ ಬಂದರೆ ಪತ್ರಿಕೆಯ ಧಾರಾವಾಹಿಯೇ ಮೇಲು ಅನ್ನುತ್ತೇನೆ. 1938ರಲ್ಲಿ ಮಂಗಳೂರಿನಲ್ಲಿ ಶುರುವಾದ ‘ರಾಕ್ಣೊ’ದಂಥ ವಾರಪತ್ರಿಕೆಗೆ ಕನ್ನಡ ಲಿಪಿಯೇ ಸಾಕು. ಓದುಗರೂ ನಮ್ಮ ಕೊಂಕಣಿ ಕ್ರೈಸ್ತರೇ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬ; ಮನೆಯಲ್ಲಿ ಬರೀ ತರಕಾರಿ ಊಟ. ಅಡುಗೆಮನೆಯಿಂದ ಹುರಿದ ಒಣಮೀನಿನ ವಾಸನೆ ಬಂತು ಅಂತ ಬರೆದರೆ ಸಾಕು. ನಗುತ್ತಾರೆ, ಸುಳಿವನ್ನೂ ಹಿಡಿಯುತ್ತಾರೆ.

ಕನ್ನಡ ಪುಸ್ತಕಕ್ಕೆ ಓದುಗರು ಜಾಸ್ತಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಉಚಿತ, ನೀವೇ ಪ್ರಕಟಿಸಿದರೆ ಮುದ್ರಣದ ಖರ್ಚು ನಿಮ್ಮದು. ಆದರೆ ಹಬ್ಬವನ್ನೆಲ್ಲ ವಿವರಿಸಬೇಕು. ವಿವರಿಸಿದ ತಮಾಷೆ ಸಪ್ಪೆ, ಅಲ್ವಾ? ಒಂದು ಅನುಕೂಲವಂತೂ ದೊಡ್ಡದು: ಕೊನೆ ಬರೆದ ಮೇಲೂ ಮೊದಲ ಅಧ್ಯಾಯ ತಿದ್ದಬಹುದು. ಧಾರಾವಾಹಿಯಲ್ಲಿ ಅಚ್ಚಾದದ್ದು ಅಚ್ಚಾಯಿತು. ಕಳ್ಳ ಯಾರೆಂದು ತೀರ್ಮಾನಿಸಿಯೇ ಮೊದಲ ಕಂತು ಕಳುಹಿಸಿ.