ಸಿವಿಲೈಸೇಷನ್ 6: ಬಿಟ್ಟು ಬಿಟ್ಟು ಆಡುವವರಿಗಾಗಿ ಒಂದು ವಿಮರ್ಶೆ

ಸಿವಿಲೈಸೇಷನ್ ಎಂಬುದು ಊರು ಕಟ್ಟಿ ಸಾಮ್ರಾಜ್ಯ ಬೆಳೆಸುವ ಕಂಪ್ಯೂಟರ್ ಆಟಗಳ ಸರಣಿ. ಅದರ ಮೂರನೆಯ, ನಾಲ್ಕನೆಯ ಆಟಗಳಿಗಾಗಿ ಕಾಲೇಜಿನ ದಿನಗಳಲ್ಲಿ ನಿದ್ದೆಗೆಟ್ಟವರು ಅನೇಕರಿದ್ದಾರೆ. ಅವರಲ್ಲಿ ಹಲವರು ಈಗ ಕಚೇರಿ, ಮನೆ, ಮಕ್ಕಳ ಹೋಂವರ್ಕಿನ ನಡುವೆ ಮತ್ತೆ ಶುರು ಮಾಡಬಹುದೇ ಎಂದು ಕೇಳುತ್ತಾರೆ. ನಾನೂ ಅದೇ ಸಾಲಿನಲ್ಲಿ ಬಂದವನು. 2016ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಆರನೆಯ ಆಟವನ್ನು ರಿಯಾಯಿತಿಯಲ್ಲಿ ಕೊಂಡು ವರ್ಷಗಳಿಂದ ಆಡುತ್ತಿದ್ದೇನೆ. ತಿಂಗಳುಗಟ್ಟಲೆ ಬಿಡುತ್ತೇನೆ, ಮತ್ತೆ ಹಿಡಿಯುತ್ತೇನೆ. 2025ರ ಫೆಬ್ರವರಿಯಲ್ಲಿ ಏಳನೆಯದೂ ಬಂದಿದೆ. ಅದರ ಮಾತು ಇಲ್ಲಿ ಬೇಡ.

ಒಬ್ಬರಾದ ಮೇಲೊಬ್ಬರು ನಡೆ ಇಡುವ ಇಂಥ ಸರದಿಯ ಆಟದ ದೊಡ್ಡ ಉಪಕಾರವೆಂದರೆ ಅದು ಕಾಯುತ್ತದೆ. ಕುಕ್ಕರ್ ಕೂಗಿತೆಂದು ಎದ್ದು ಹೋದರೂ ಶತ್ರುಸೈನ್ಯ ಗಡಿಯಲ್ಲಿ ನಿಂತಲ್ಲೇ ನಿಂತಿರುತ್ತದೆ. ಆದರೆ ಮೂರು ವಾರ ಬಿಟ್ಟು ಬಂದಾಗ ಸೈನ್ಯ ನಿಂತಲ್ಲೇ ಇದ್ದರೂ ಅದನ್ನು ಅಲ್ಲಿಗೆ ಕಳುಹಿಸಿದ್ದು ಯಾಕೆ ಎಂಬುದು ಮರೆತಿರುತ್ತದೆ. ಈ ಸರಣಿಯ ಬಗ್ಗೆ ಬರೆಯುವವರೆಲ್ಲ ‘ಇನ್ನೊಂದೇ ಸರದಿ’ ಎಂಬ ಚಟದ ಬಗ್ಗೆ ಬರೆಯುತ್ತಾರೆ. ನಮ್ಮಂಥವರಿಗೆ ನಿಜಕ್ಕೂ ಕಷ್ಟವಾಗುವುದು ಮರಳಿ ಬಂದ ದಿನದ ಮೊದಲ ಸರದಿ. ಆ ಒಂದು ಸರದಿಯನ್ನು ದಾಟಿಸಲು ಆಟ ಎಷ್ಟು ನೆರವಾಗುತ್ತದೆ ಎಂಬುದೇ ನನ್ನ ಅಳತೆಗೋಲು.

ಹಳೆಯ ಅಭ್ಯಾಸಗಳಲ್ಲಿ ಕೆಲವನ್ನು ಬಾಗಿಲಲ್ಲೇ ಬಿಟ್ಟು ಬರಬೇಕು. ನೆಲ ಈಗ ಚೌಕಗಳಲ್ಲಿಲ್ಲ, ಷಟ್ಕೋನಗಳಲ್ಲಿದೆ. ಒಂದೇ ಜಾಗದಲ್ಲಿ ಇಡೀ ದಂಡನ್ನು ಪೇರಿಸಿಡುವಂತಿಲ್ಲ. ಇವೆರಡೂ 2010ರ ಐದನೆಯ ಆಟದಲ್ಲೇ ಬಂದವು. ಕೆಲಸಗಾರರಿಗೆ ‘ನೀವೇ ನೋಡಿಕೊಳ್ಳಿ’ ಎಂದು ಒಪ್ಪಿಸಿ ಸುಮ್ಮನಿರುವ ಸೌಲಭ್ಯವೂ ಇಲ್ಲ. ಇಲ್ಲಿನ ಬಿಲ್ಡರ್ ಸಾಮಾನ್ಯವಾಗಿ ಮೂರು ಕೆಲಸ ಮಾಡಿ ಮಾಯವಾಗುತ್ತಾನೆ. ರಸ್ತೆ ಹಾಕುವ ಬಟನ್ ಹುಡುಕಬೇಡಿ, ವ್ಯಾಪಾರಿಗಳು ಓಡಾಡಿದ ದಾರಿಯೇ ರಸ್ತೆಯಾಗುತ್ತದೆ.

ಇವು ಒಂದು ಸಂಜೆಯಲ್ಲಿ ರೂಢಿಯಾಗುವ ಸಂಗತಿಗಳು. ಆರನೆಯ ಆಟದ ಜೀವ ಇರುವುದು ಡಿಸ್ಟ್ರಿಕ್ಟ್‌ಗಳಲ್ಲಿ, ಅಂದರೆ ಒಂದೊಂದು ಕೆಲಸಕ್ಕೆ ಮೀಸಲಾದ ಬಡಾವಣೆಗಳಲ್ಲಿ. ಹಿಂದೆ ಗ್ರಂಥಾಲಯ, ವಿಶ್ವವಿದ್ಯಾಲಯ, ಮಾರುಕಟ್ಟೆ ಎಲ್ಲವೂ ಊರಿನ ಒಂದೇ ಚೌಕದೊಳಗೆ ಅಡಗಿರುತ್ತಿದ್ದವು. ಈಗ ಅವುಗಳನ್ನು ಹೊರಗೆ ನೆಲದ ಮೇಲೆ ಹರಡಬೇಕು. ವಿಜ್ಞಾನದ ಕ್ಯಾಂಪಸ್ಸನ್ನೇ ತೆಗೆದುಕೊಳ್ಳಿ. ಪಕ್ಕದಲ್ಲಿರುವ ಪ್ರತಿ ಪರ್ವತಕ್ಕೆ ವಿಜ್ಞಾನದ ಒಂದು ಅಂಕ, ಎರಡು ಮಳೆಕಾಡಿಗೆ ಸೇರಿ ಒಂದು ಅಂಕ. ಹತ್ತಬಹುದಾದ ಗುಡ್ಡಗಳು ಲೆಕ್ಕಕ್ಕಿಲ್ಲ. ನಾಲ್ಕು ಪರ್ವತಗಳ ನಡುವಿನ ಮೂಲೆ ಸಿಕ್ಕಿದರೆ ನಾಲ್ಕು ಅಂಕ. ನ್ಯಾಚುರಲ್ ಫಿಲಾಸಫಿ ಎಂಬ ನೀತಿಯ ಕಾರ್ಡ್ ಹಾಕಿದರೆ ಅದು ಎಂಟು. ಆದರೆ ಅದೇ ಮೂಲೆ ದೇವಸ್ಥಾನದ ಹೋಲಿ ಸೈಟಿಗೂ ಒಳ್ಳೆಯದೇ. ಊರಿನ ಜನಸಂಖ್ಯೆ ನಾಲ್ಕಾಗುವವರೆಗೆ ಇಂಥ ಎರಡನೆಯ ಡಿಸ್ಟ್ರಿಕ್ಟಿಗೆ ಅವಕಾಶವಿಲ್ಲ, ಮೂರನೆಯದಕ್ಕೆ ಏಳಾಗಬೇಕು. ಹಾಗಾಗಿ ಊರು ಕಟ್ಟುವ ಮೊದಲೇ ನೆಲವನ್ನು ಓದಬೇಕಾಗುತ್ತದೆ. ಈ ಓದು ನನಗೆ ಯುದ್ಧಕ್ಕಿಂತ ಹೆಚ್ಚು ರುಚಿಸಿದೆ.

ಇನ್ನೊಂದು ಸೂಕ್ಷ್ಮವಿದೆ. ತಂತ್ರಜ್ಞಾನ ಬೆಳೆದಂತೆ ಡಿಸ್ಟ್ರಿಕ್ಟಿನ ವೆಚ್ಚವೂ ಏರುತ್ತದೆ. ಜಾಗ ಗುರುತಿಸಿ ಅಡಿಗಲ್ಲು ಹಾಕಿಬಿಟ್ಟರೆ ವೆಚ್ಚ ಅಂದಿನ ಲೆಕ್ಕಕ್ಕೇ ನಿಲ್ಲುತ್ತದೆ, ಕೆಲಸವನ್ನು ಎಂದಾದರೂ ಮುಗಿಸಬಹುದು. ಬಲ್ಲವರು ಆದಷ್ಟು ಬೇಗ ಎಲ್ಲೆಡೆ ಅಡಿಗಲ್ಲು ಹಾಕಿಟ್ಟುಕೊಳ್ಳುತ್ತಾರೆ. (ಶಂಕುಸ್ಥಾಪನೆ ಮುಗಿಸಿ ಕೆಲಸ ನಿಲ್ಲಿಸುವ ಈ ಕಲೆಯನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.) ತೊಂದರೆಯಾಗುವುದು ತಿಂಗಳ ನಂತರ ಬಂದಾಗ. ಊರೂರಿನಲ್ಲಿ ಅರೆಬರೆ ಕಾಮಗಾರಿಗಳು ನಿಂತಿರುತ್ತವೆ. ಯಾವುದು ತುರ್ತಿನದು, ಯಾವುದು ಬರೀ ದರ ಹಿಡಿದಿಡಲು ಹಾಕಿದ್ದು ಎಂಬುದು ತಿಳಿಯುವುದಿಲ್ಲ.

ಇದಕ್ಕೆ ಆಟದಲ್ಲೇ ಮದ್ದಿದೆ, ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ. ನಕ್ಷೆಯ ಮೇಲೆ ಪಿನ್ ಚುಚ್ಚಿ ಅದಕ್ಕೆ ಹೆಸರು ಬರೆಯಬಹುದು. ‘ಇಲ್ಲಿ ಅಣೆಕಟ್ಟು’, ‘ಈ ಕಾಡು ಕಡಿಯಬೇಡ’, ‘ರೋಮ್ ಕಡೆ ಕಣ್ಣಿಡು’ ಎಂಬಂಥ ಚೀಟಿಗಳನ್ನು ನಾನು ಆಟ ಮುಚ್ಚುವ ಮುನ್ನ ಅಂಟಿಸಿ ಹೋಗುತ್ತೇನೆ. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಸಿಗುವ ‘ಡೀಟೇಲ್ಡ್ ಮ್ಯಾಪ್ ಟ್ಯಾಕ್ಸ್’ ಎಂಬ ಉಚಿತ ಮಾಡ್ (ಆಟಗಾರರೇ ಮಾಡಿದ ಜೋಡಣೆ) ಹಾಕಿಕೊಂಡರೆ ಪಿನ್ ಚುಚ್ಚಿದ ಕಡೆ ಎಷ್ಟು ಅಂಕ ಬರುತ್ತದೆಂದು ಅದೇ ಲೆಕ್ಕ ಹಾಕುತ್ತದೆ. 2018ರ ‘ರೈಸ್ ಆಂಡ್ ಫಾಲ್’ ವಿಸ್ತರಣೆಯಲ್ಲಿ (ಮೂಲ ಆಟಕ್ಕೆ ಆಮೇಲೆ ಸೇರಿಸಿದ ಭಾಗ) ಚೆಂದದ ಚಿತ್ರಗಳ ಇತಿಹಾಸ ಪಟ್ಟಿಯೊಂದು ಬಂತು. ಅದು ಆಗಿಹೋದದ್ದನ್ನು ಮಾತ್ರ ಹೇಳುತ್ತದೆ, ಮುಂದೆ ಮಾಡಬೇಕೆಂದುಕೊಂಡದ್ದಕ್ಕೆ ಪಿನ್ನೇ ಗತಿ.

ಯುರೇಕಾ ವ್ಯವಸ್ಥೆಯೂ ಮರಳಿ ಬಂದವರ ಕೈಹಿಡಿಯುತ್ತದೆ. ಕವಣೆಯವನಿಂದ ಒಂದು ಶತ್ರುಪಡೆಯನ್ನು ಕೊಂದರೆ ಬಿಲ್ವಿದ್ಯೆಯ, ಕಲ್ಲುಗಣಿ ತೆರೆದರೆ ಕಲ್ಲುಕೆಲಸದ ಕಲಿಕೆಯಲ್ಲಿ ಒಂದು ಪಾಲು ಒಮ್ಮೆಲೇ ಮುಗಿಯುತ್ತದೆ. ವಿಸ್ತರಣೆಗಳೊಂದಿಗೆ ಆಡಿದರೆ ಈ ಪಾಲು ಶೇ. 40. ಏನು ಮಾಡುವುದೆಂದು ತೋಚದ ದಿನ ಈ ಪಟ್ಟಿಯೇ ಕೆಲಸ ಹಚ್ಚುತ್ತದೆ.

2019ರ ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆ ನೆಲಕ್ಕೆ ಸ್ವಭಾವ ಕೊಟ್ಟಿತು. ಹೊಳೆ ಉಕ್ಕಿ ಹೊಲ ಕೊಚ್ಚಿಹೋಗುತ್ತದೆ, ಅದೇ ಮಣ್ಣು ಆಮೇಲೆ ಫಲವತ್ತಾಗುವುದೂ ಉಂಟು. ಕಲ್ಲಿದ್ದಲು ಸುಟ್ಟಷ್ಟೂ ಸಮುದ್ರ ಏರಿ ಕರಾವಳಿಯ ತಗ್ಗು ನೆಲ ಮುಳುಗುತ್ತದೆ. ಇದಿಲ್ಲದೆ ಮೂಲ ಆಟ ಈಗ ನನಗೆ ಸಪ್ಪೆ ಎನ್ನಿಸುತ್ತದೆ.

ಕೊರತೆಗಳಲ್ಲಿ ಮೊದಲನೆಯದು ಕಂಪ್ಯೂಟರ್ ಎದುರಾಳಿ. ಕಷ್ಟದ ಮಟ್ಟ ಏರಿಸಿದರೆ ಅದು ಜಾಣನಾಗುವುದಿಲ್ಲ, ಶ್ರೀಮಂತನಾಗುತ್ತದೆ. ಅತಿ ಕಠಿಣವಾದ ಡೀಟಿ ಮಟ್ಟದಲ್ಲಿ ಆರಂಭದಲ್ಲಿ ನಿಮಗೆ ಊರು ಕಟ್ಟುವ ಒಬ್ಬ ಸೆಟ್ಲರ್ ಇದ್ದರೆ ಅದಕ್ಕೆ ಮೂವರು. ಇಷ್ಟೆಲ್ಲ ಕೊಟ್ಟರೂ ಗೋಡೆ ಕಟ್ಟಿದ ಊರನ್ನು ಮುತ್ತುವಾಗ ಅದು ತಡವರಿಸುತ್ತದೆ. ಎರಡನೆಯದು ಆಟದ ಕೊನೆಯ ಮೂರನೇ ಒಂದು ಭಾಗ. ಗೆಲುವು ಖಚಿತವಾದ ಮೇಲೂ ಹತ್ತಾರು ಊರುಗಳಿಗೆ ಸರದಿ ಸರದಿಗೂ ಕೆಲಸ ಹಂಚುತ್ತ ಕೂರಬೇಕು. ಮಾಮೂಲಿ ವೇಗದ ಆಟಕ್ಕೆ 500 ಸರದಿಗಳ ಮಿತಿಯಿದೆ. ಸಂಸಾರಸ್ಥರು ‘ಆನ್‌ಲೈನ್’ ಎಂಬ ವೇಗ ಆರಿಸಿಕೊಂಡರೆ ಅದು 250ಕ್ಕೆ ಇಳಿಯುತ್ತದೆ. ಹೆಸರು ಹಾಗಿದ್ದರೂ ಒಬ್ಬರೇ ಆಡಲೂ ಅದು ಸಿಗುತ್ತದೆ. ಜೊತೆಗೆ ಚಿಕ್ಕ ನಕ್ಷೆ, ಕಂಪ್ಯೂಟರಿಗೆ ವಿಶೇಷ ಕೊಡುಗೆಗಳಿಲ್ಲದ ಪ್ರಿನ್ಸ್ ಮಟ್ಟ ಇಟ್ಟುಕೊಳ್ಳಿ.

ಭಾರತದ ಪರವಾಗಿ ಆಡಲು ಗಾಂಧಿ ಇದ್ದಾರೆ, ವಿಸ್ತರಣೆಯಲ್ಲಿ ಚಂದ್ರಗುಪ್ತ ಮೌರ್ಯನೂ ಬಂದಿದ್ದಾನೆ. ನನಗೆ ಅಚ್ಚುಮೆಚ್ಚಿನದು ಭಾರತಕ್ಕೆ ಮಾತ್ರ ದಕ್ಕುವ ಮೆಟ್ಟಿಲು ಬಾವಿ. ಹೊಲದ ಪಕ್ಕ ಕಟ್ಟಿದರೆ ಹೆಚ್ಚು ಆಹಾರ, ಹೋಲಿ ಸೈಟಿನ ಪಕ್ಕ ಕಟ್ಟಿದರೆ ಭಕ್ತಿಯ ಅಂಕ. ಹಂಪಿಯ ಪುಷ್ಕರಣಿಯ ಮೆಟ್ಟಿಲುಗಳಲ್ಲಿ ಕೂತವರಿಗೆ ಈ ಲೆಕ್ಕಾಚಾರ ವಿಚಿತ್ರವೆನಿಸಲಾರದು.

‘ಪ್ಲೇ ಬೈ ಕ್ಲೌಡ್’ ಎಂಬ ವ್ಯವಸ್ಥೆಯ ಬಗ್ಗೆಯೂ ಹೇಳಬೇಕು. ನಿಮ್ಮ ಸರದಿ ಮುಗಿಸಿ ಬಿಟ್ಟರೆ ಮುಂದಿನವರು ಬಿಡುವಾದಾಗ ಬಂದು ಆಡುತ್ತಾರೆ, ಇಬ್ಬರೂ ಒಟ್ಟಿಗೆ ಕೂರಬೇಕಾಗಿಲ್ಲ. ಮೆಲ್ಬರ್ನ್‌ನಲ್ಲಿರುವ ತಮ್ಮನೊಂದಿಗೆ ನಾನು ಹೀಗೆಯೇ ಆಡುತ್ತಿದ್ದೇನೆ. ಗೆಲ್ಲುವವರು ಯಾರೆಂದು ತಿಳಿಯಲು ಇನ್ನೂ ಬಹಳ ಕಾಲ ಬೇಕು. ಸದ್ಯಕ್ಕೆ ಅವನ ದೋಣಿಗಳು ನನ್ನ ಬಂದರಿನ ಎದುರಿಗೆ ಬಂದು ನಿಂತಿವೆ, ಕೇಳಿದರೆ ಮೀನು ಹಿಡಿಯಲು ಬಂದದ್ದು ಎನ್ನುತ್ತಾನೆ.